ಮಾರನೇ ದಿನದ ಮಾತು

ತಂತಿ ಫೋನು ಇದ್ದಷ್ಟು ಕಾಲ ನಮ್ಮೂರಿನಲ್ಲಿ ಫೋನಿನಲ್ಲಿ ಆಡಿದ ಮಾತು ಮಾರನೇ ದಿನ ಅದೇ ಹೊತ್ತಿಗೆ ತಲುಪುತ್ತಿತ್ತು. ರಿಸೀವರ್ ಎತ್ತುವುದು, ನಂಬರು ತಿರುಗಿಸುವುದು, ಹೇಳಬೇಕಾದ್ದನ್ನೆಲ್ಲ ಹೇಳಿ ಇಟ್ಟುಬಿಡುವುದು. ನಾಳೆ ಅದೇ ಹೊತ್ತಿಗೆ ಆ ಕಡೆಯ ಮನೆಯಲ್ಲಿ ಗಂಟೆ ಹೊಡೆದುಕೊಳ್ಳುತ್ತಿತ್ತು, ಯಾರಾದರೂ ಎತ್ತುವವರೆಗೂ ಬಿಡದೆ. ಎತ್ತಿದವರು ನಮ್ಮ ಮಾತು ಕೇಳಿಸಿಕೊಂಡು, ಆಮೇಲೆ ಬಿಡುವಾದಾಗ ತಮ್ಮ ಉತ್ತರ ಹೇಳಿ ಇಡುತ್ತಿದ್ದರು. ಅದು ಅದರ ಮಾರನೇ ದಿನ ನಮಗೆ. ಇದರಿಂದ ಯಾರಿಗೂ ತೊಂದರೆ ಇರಲಿಲ್ಲ. ಊಟಕ್ಕೆ ಕರೆಯುವವರು ಮುಂಚಿತವಾಗಿ ಕರೆಯುತ್ತಿದ್ದರು. ಮನೆಗೆ ಬೆಂಕಿ ಬಿದ್ದವರು ಫೋನು ಮಾಡದೆ ಬೀದಿಗೆ ಬಂದು ಬಾಯಿ ಬಡಿದುಕೊಳ್ಳುತ್ತಿದ್ದರು. ಹೊರಗೂರಿನಿಂದ ಸೊಸೆಯರಾಗಿ ಬಂದವರು ಮಾತ್ರ ಮೊದಮೊದಲು ‘ಹಲೋ, ಹಲೋ’ ಎಂದು ಕೂಗಿ ಕೂಗಿ ಇಟ್ಟು, ಮಾರನೇ ದಿನ ಆ ಕಡೆಯವರಿಗೆ ಬರೀ ಹಲೋಗಳನ್ನು ಕೇಳಿಸಿ ನಗೆಪಾಟಲಾಗುತ್ತಿದ್ದರು.

ಇನ್ನೊಂದು ಅನುಕೂಲವಿತ್ತು. ಸಿಟ್ಟಿನಲ್ಲಿ ಏನಾದರೂ ಅಂದುಬಿಟ್ಟಿದ್ದರೆ ಸಂಜೆಯೊಳಗೆ ಫೋನ್ ಆಫೀಸಿನ ಹಿಂಬದಿಯ ಕಿಟಕಿಗೆ ಹೋಗಿ ಹೆಸರು ಹೇಳಿದರೆ ಆ ಮಾತನ್ನು ವಾಪಸು ತೆಗೆಯುತ್ತಿದ್ದರು. ದಿನಾ ಸಂಜೆ ಅಲ್ಲಿ ಉದ್ದನೆಯ ಸಾಲು. ಊರಿನ ದೊಡ್ಡ ಮನುಷ್ಯರು ಗುರುತು ಸಿಗದಿರಲಿ ಎಂದು ತಲೆಗೆ ಟವೆಲು ಹೊದ್ದು ನಿಲ್ಲುತ್ತಿದ್ದರು, ಎಲ್ಲರೂ ಟವೆಲಿನಿಂದಲೇ ಗುರುತು ಹಿಡಿಯುತ್ತಿದ್ದರು. ನನ್ನ ಗಂಡ ನಂಜುಂಡಸ್ವಾಮಿ ಒಂದು ಬೆಳಗ್ಗೆ ಹುಮ್ಮಸ್ಸಿನಲ್ಲಿ ನನ್ನನ್ನು ಮದುವೆಯಾಗುತ್ತೇನೆಂದು ಫೋನಿನಲ್ಲಿ ಹೇಳಿ, ಮಧ್ಯಾಹ್ನ ಊಟವಾದ ಮೇಲೆ ಬುದ್ಧಿ ಬಂದು, ವಾಪಸು ತೆಗೆಸಲು ಹೊರಟವರು ದಾರಿಯಲ್ಲಿ ಬಿಸಿ ಬೋಂಡಾ ಕಂಡು ನಿಂತುಬಿಟ್ಟರು. ಅಷ್ಟರಲ್ಲಿ ಕಿಟಕಿ ಮುಚ್ಚಿತು. ನಮ್ಮ ಸಂಸಾರ ಆ ಬೋಂಡಾದ ಮೇಲೆ ನಿಂತಿದೆ. ಪರವಾಗಿಲ್ಲ, ಗಟ್ಟಿಯಾಗೇ ನಿಂತಿದೆ.

ನಾನು ಹೇಳಹೊರಟಿರುವುದು ನನ್ನ ಸೋದರತ್ತೆ ದೇವಮ್ಮಣ್ಣಿಯ ವಿಷಯ. ಅತ್ತೆಯ ಗಂಡ ತೀರಿಕೊಂಡ ಮೇಲೆ ಅವಳನ್ನು ನಾವು ನೋಡಿಕೊಳ್ಳುತ್ತಿದ್ದೇವೆ ಎಂದು ನಾವು ಹೇಳುತ್ತೇವೆ. ಮನೆ ಅವಳದು, ಹಾಗಾಗಿ ತಾನೇ ನಮ್ಮನ್ನು ಇಟ್ಟುಕೊಂಡಿದ್ದೇನೆ ಎಂದು ಅವಳು ಹೇಳುತ್ತಾಳೆ. ವಯಸ್ಸು ಎಂಬತ್ತು ದಾಟಿದೆ, ಕಣ್ಣು ಮಂಜು, ಮಂಡಿ ಹಿಡಿದುಕೊಂಡಿದೆ, ನಾಲಿಗೆಗೆ ಮಾತ್ರ ಏನೂ ಆಗಿಲ್ಲ. ಆ ನಾಲಿಗೆಗೆ ಕೆಲಸ ಕೊಡುತ್ತಿದ್ದವರು ಕೆಳಪೇಟೆಯಲ್ಲಿರುವ ಚೆನ್ನಾಜಮ್ಮ, ಅತ್ತೆಯ ಮೈದುನನ ಹೆಂಡತಿ. ಅಣ್ಣತಮ್ಮಂದಿರು ಬೇರೆಯಾದಾಗ ಪಾಲು ಮಾಡಿಕೊಡಲು ಬಂದ ಹಿರಿಯರು, ಯಾರಿಗೂ ಅನ್ಯಾಯವಾಗಬಾರದೆಂಬ ಉತ್ಸಾಹದಲ್ಲಿ, ರುಬ್ಬುವ ಒರಳನ್ನು ಚೆನ್ನಾಜಮ್ಮನ ಪಾಲಿಗೂ ಅದರ ಗುಂಡುಕಲ್ಲನ್ನು ನಮ್ಮತ್ತೆಯ ಪಾಲಿಗೂ ಹಾಕಿ, ಹೋಳಿಗೆ ಊಟ ಮಾಡಿಕೊಂಡು ಹೊರಟುಹೋದರು. ಒರಳು ಕಳಿಸು ಎಂದು ಇವಳು, ಗುಂಡು ಕಳಿಸು ಎಂದು ಅವರು. ಅವತ್ತಿನಿಂದ ವಾರಗಿತ್ತಿಯರಿಬ್ಬರಿಗೂ ಮಾತಿಲ್ಲ. ಮಾತಿಲ್ಲ ಅಂದರೆ ಎದುರಾಬದುರು ಮಾತಿಲ್ಲ. ಫೋನಿನಲ್ಲಿ ಒಂದು ದಿನವೂ ತಪ್ಪಿಸಿದವರಲ್ಲ. ಮದುವೆ ಮನೆಗಳಲ್ಲಿ ಅಕ್ಕಪಕ್ಕದ ಎಲೆಗೆ ಕೂತರೂ ಮುಖ ತಿರುಗಿಸಿಕೊಂಡು ಉಂಡು ಬಂದು, ಆಮೇಲೆ ಫೋನೆತ್ತಿ ‘ಪಾಯಸ ಎರಡು ಸಲ ಹಾಕಿಸ್ಕೊಂಡ್ಯಲ್ಲ, ಸಕ್ಕರೆ ಕಾಯಿಲೆ ಅನ್ನೋ ಗ್ಯಾನ ಬೇಡ್ವಾ? ಗುಂಡು ಯಾವಾಗ ಕಳಿಸ್ತೀಯ?’ ಎಂದು ಕೇಳುವಷ್ಟು ಬದ್ಧದ್ವೇಷ. ಎರಡು ಮನೆಗೂ ಮಿಕ್ಸಿ ಬಂತು, ಗ್ರೈಂಡರ್ ಬಂತು, ದೋಸೆಹಿಟ್ಟು ಪ್ಯಾಕೆಟ್ಟಿನಲ್ಲಿ ಮನೆ ಬಾಗಿಲಿಗೇ ಬಂತು. ಜಗಳ ಮಾತ್ರ ಕೈಯಲ್ಲಿ ರುಬ್ಬಿದ್ದೇ ಬೇಕಿತ್ತು ಇಬ್ಬರಿಗೂ.

ಬೆಳಗ್ಗೆ ಎದ್ದು ಮುಖ ತೊಳೆದು ಅತ್ತೆ ಫೋನಿನ ಸ್ಟೂಲಿನ ಪಕ್ಕ ಕೂರುತ್ತಿದ್ದಳು. ಗಂಟೆ ಹೊಡೆಯುತ್ತಿತ್ತು. ಚೆನ್ನಾಜಮ್ಮನ ನಿನ್ನೆಯ ಬೈಗುಳ ಕೇಳಿಸಿಕೊಳ್ಳುತ್ತಾ ಅವಳ ಮುಖಕ್ಕೆ ಕಳೆ ಏರುತ್ತಿತ್ತು. ಆಮೇಲೆ ಕಾಫಿ. ಕಾಫಿಯಾದ ಮೇಲೆ ಸ್ನಾನ. ಒಳ್ಳೊಳ್ಳೆಯ ಉತ್ತರಗಳೆಲ್ಲ ಅವಳಿಗೆ ಬಿಸಿನೀರು ಬೆನ್ನಿಗೆ ಬಿದ್ದಾಗಲೇ ಹೊಳೆಯುತ್ತಿದ್ದದ್ದು. ಬಚ್ಚಲಿನಿಂದ ಒಂದೊಂದು ಸಲ ನಗುವುದೂ ಕೇಳಿಸುತ್ತಿತ್ತು. ಒದ್ದೆ ಕೂದಲಿಗೆ ಟವೆಲು ಸುತ್ತಿಕೊಂಡು ಬಂದು, ಹೊಳೆದದ್ದನ್ನೆಲ್ಲ ಫೋನಿಗೆ ಹೇಳಿ, ಇಡ್ಲಿಗೆ ಕೂರುತ್ತಿದ್ದಳು.

ಹೀಗಿರುವಾಗ ಫೋನ್ ಆಫೀಸಿನವರು ಊರಲ್ಲಿ ತಮಟೆ ಹೊಡೆಸಿದರು. ಫೋನಿನಲ್ಲಿ ಹೇಳಿದರೆ ತಡವಾಗುತ್ತದೆಂದು ತಮಟೆ. ತಂತಿಗಳನ್ನೆಲ್ಲ ಕೀಳುತ್ತೇವೆ, ತಿಂಗಳ ಕೊನೆಗೆ ಎಲ್ಲ ಬಂದ್, ನಿಮ್ಮ ನಿಮ್ಮ ಫೋನು ನೀವು ನೋಡಿಕೊಳ್ಳಿ ಎಂದು ಸಾರಿದರು. ಅತ್ತೆಗೆ ಹೊಸ ಫೋನು ಹುಡುಕುವ ಕೆಲಸ ನನ್ನ ತಲೆಗೆ ಬಂತು. ನನ್ನ ಗಂಡ ಇಂಥ ಹೊತ್ತಿನಲ್ಲಿ ಪೇಪರಿನ ಹಿಂದೆ ಮರೆಯಾಗುವುದರಲ್ಲಿ ನಿಸ್ಸೀಮರು.

ಮೊದಲು ಇಲ್ಯಾಸನ ಮೊಬೈಲ್ ಅಂಗಡಿಗೆ ಕರೆದುಕೊಂಡು ಹೋದೆ. ಗಂಡನನ್ನೂ ಎಳೆದುಕೊಂಡು ಹೋಗಿದ್ದೆ. ಇಲ್ಯಾಸ್ ಒಳ್ಳೆಯವನು, ದಪ್ಪ ಗುಂಡಿಗಳ ಒಂದು ಮೊಬೈಲು ತೆಗೆದು, ‘ಇದ್ರಲ್ಲಿ ಟಾರ್ಚ್ ಐತಮ್ಮಾ, ರೇಡಿಯೋ ಐತೆ, ಕೆಳಗೆ ಬಿದ್ರೂ ಒಡಿಯಲ್ಲ’ ಎಂದ. ಇನ್ನೊಂದು ಮೊಬೈಲು ಕೊಟ್ಟು ನನ್ನ ಗಂಡನನ್ನು ರಸ್ತೆಯಾಚೆ ನಿಲ್ಲಿಸಿದ. ಅತ್ತೆ ಗಂಟಲು ಸರಿಮಾಡಿಕೊಂಡು, ‘ಏನಯ್ಯಾ ನಂಜುಂಡಸ್ವಾಮಿ, ಬಚ್ಚಲ ಒಲೆಗೆ ಸೌದೆ ಒಡಿಸು ಅಂತ...’ ಅನ್ನುವಷ್ಟರಲ್ಲಿ ಅದರೊಳಗಿನಿಂದ ‘ಒಡಿಸ್ತೀನಿ ಅತ್ತೆ’ ಎಂದು ಕೇಳಿಸಿತು. ಅತ್ತೆ ಹಾವು ಮುಟ್ಟಿದವಳಂತೆ ಮೊಬೈಲು ಕೈಬಿಟ್ಟಳು. ಒಡೆಯಲಿಲ್ಲ, ಇಲ್ಯಾಸ್ ಹೇಳಿದ್ದು ನಿಜ.

‘ನಾನಿನ್ನೂ ಬಾಯಿ ಮುಚ್ಚಿಲ್ಲ, ಆಗ್ಲೇ ಉತ್ರ ಕೊಡ್ತಾವ್ನಲ್ಲೇ! ಕೇಳಿಸ್ಕೊಂಡು ಹೇಳ್ತಾವ್ನೋ, ಮೊದ್ಲೇ ಉರು ಹೊಡ್ಕೊಂಡಿದ್ನೋ?’ ಎಂದಳು. ‘ಅದೇ ಅಮ್ಮಾ ಇದರ ವಿಶೇಷ. ಹೇಳಿದ ತಕ್ಷಣ ಕೇಳುತ್ತೆ, ಕೇಳಿದ ತಕ್ಷಣ ಹೇಳ್ಬೋದು’ ಎಂದ ಇಲ್ಯಾಸ್. ‘ತಕ್ಷಣ ಏನಪ್ಪಾ ಹೇಳೋದು? ಸ್ನಾನ ಮಾಡೋದು ಯಾವಾಗ? ಬಾಯಿ ಜಾರ್ತು ಅನ್ಕೋ, ವಾಪಸ್ ತಗಳಕ್ಕೆ ಯಾವ ಕಿಟಕಿಗೆ ಓಡ್ಲಿ?’ ಇಲ್ಯಾಸ್ ನನ್ನ ಮುಖ ನೋಡಿದ. ‘ಈ ದೋಷ ಇಲ್ದೇ ಇರೋದು ಬೇರೆ ತೋರ್ಸು’ ಎಂದಳು ಅತ್ತೆ. ಅವನ ಅಂಗಡಿಯಲ್ಲಿದ್ದ ಎಲ್ಲದಕ್ಕೂ ಆ ದೋಷವಿತ್ತು.

ಆಮೇಲೆ ಕೇಬಲ್ ಟಿವಿಯ ಲಿಂಗರಾಜು ಮನೆಗೇ ಬಂದ. ಇಂಟರ್‌ನೆಟ್ ತಂತಿ ಎಳೆದು, ಮಿಣಿಮಿಣಿ ದೀಪದ ಪೆಟ್ಟಿಗೆ ಇಟ್ಟು, ಅದಕ್ಕೆ ಫೋನು ಸಿಕ್ಕಿಸಿದ. ಸದ್ಯ, ತಂತಿಯಾದರೂ ಇದೆಯಲ್ಲ ಎಂದು ಅತ್ತೆ ಸ್ವಲ್ಪ ಮೆತ್ತಗಾದಳು. ಲಿಂಗರಾಜು ಅದರ ಗುಣಗಾನ ಮಾಡುತ್ತಿರುವಾಗಲೇ ಕರೆಂಟು ಹೋಯಿತು. ಪೆಟ್ಟಿಗೆ ಕಣ್ಣು ಮುಚ್ಚಿತು, ಫೋನು ಸತ್ತಿತು. ‘ಕರೆಂಟ್ ಇಲ್ದಾಗ ಇದು ನಡೆಯಲ್ಲಮ್ಮಾ’ ಎಂದು ಅವನು ತಲೆ ಕೆರೆದುಕೊಂಡ. ‘ಟಿವಿ ಇಲ್ಲ, ಮಿಕ್ಸಿ ಇಲ್ಲ, ಬೈಯಕ್ಕೆ ಪುರುಸೊತ್ತು ಸಿಕ್ಕೋದೇ ಆವಾಗ ಕಣಪ್ಪ. ಎತ್ಕೊಂಡು ಹೋಗು’ ಎಂದಳು.

ಮೂರನೆಯದನ್ನು ನಾನೇ ಹುಡುಕಿದೆ. ನೋಡಲು ಥೇಟು ಹಳೆಯ ಫೋನೇ: ರಿಸೀವರು, ಸುರುಳಿ ವೈರು, ಮಂಜುಗಣ್ಣಿಗೂ ಕಾಣುವಂಥ ಅಂಕಿಗಳು. ಹೊಟ್ಟೆಯೊಳಗೆ ಸಿಮ್ಮು. ಬ್ಯಾಟರಿ ಇರುವುದರಿಂದ ಕರೆಂಟಿನ ಹಂಗಿಲ್ಲ. ಅದೇ ಸ್ಟೂಲಿನ ಮೇಲೆ ಕೂರುತ್ತದೆ, ಹಳೇ ನಂಬರನ್ನೇ ಹಾಕಿಸಿಕೊಳ್ಳಬಹುದು, ಗಂಟೆ ಬೀದಿಗೆ ಕೇಳಿಸುತ್ತದೆ. ಇದಕ್ಕಿಂತ ಇನ್ನೇನು ಬೇಕು ಎಂದು ನಾನು ಬೀಗುತ್ತಾ ತಂದು ತೋರಿಸಿದೆ. ಅತ್ತೆ ಎತ್ತಿ ತೂಗಿ ನೋಡಿದಳು. ‘ಖಾಲಿ ಡಬ್ಬ ಇದ್ದಂಗದೆ. ಇದೂ ತಕ್ಷಣವೇನಾ?’ ಎಂದಳು. ಹೌದು ಎಂದೆ. ‘ಹಂಗಾದ್ರೆ ಬೇಡ.’

ನನಗೆ ರೇಗಿತು. ‘ಫೋನೇ ಬೇಡ ಬಿಡು ಹಂಗಾದ್ರೆ. ದಿನಾ ಬೆಳಗ್ಗೆ ಆಟೋ ಹತ್ತಿಸ್ತೀನಿ, ಕೆಳಪೇಟೆಗೆ ಹೋಗಿ ಎದುರಿಗೇ ಬೈದು ಬಾ’ ಎಂದೆ. ಅತ್ತೆ ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತಾ, ‘ಎದುರಿಗೆ ಹೋದ್ರೆ ಅವಳ ಮುಖ ನೋಡ್ಬೇಕಲ್ಲೇ ವಿಶಾಲೂ. ಮುಖ ನೋಡ್ಕಂಡು ಬೈಯಕ್ಕಾಯ್ತದಾ?’ ಎಂದಳು. ನನ್ನ ಸಿಟ್ಟು ಜರ್ರನೆ ಇಳಿಯಿತು. ಅವಳ ಓರಗೆಯವರಲ್ಲಿ ಉಳಿದವರು ಚೆನ್ನಾಜಮ್ಮ ಒಬ್ಬರೇ. ಅವಳನ್ನು ಏಕವಚನದಲ್ಲಿ ಬೈಯುವ ಹಕ್ಕಿದ್ದ ಇನ್ನೊಬ್ಬ ಮನುಷ್ಯ ಈ ಭೂಮಿಯ ಮೇಲಿರಲಿಲ್ಲ. ಆ ಬೈಗುಳವೂ ನಿಂತರೆ ಅತ್ತೆ ಬೆಳಗ್ಗೆ ಏಳುವುದಕ್ಕೆ ಕಾರಣವೇ ಇರುವುದಿಲ್ಲ ಎಂದು ನನಗೆ ಹೆದರಿಕೆಯಾಯಿತು. ಹೊಸ ಫೋನನ್ನು ಡಬ್ಬದಲ್ಲೇ ಅಟ್ಟದ ಮೇಲಿಟ್ಟೆ.

ಅಷ್ಟರಲ್ಲಿ ಊರಿನಲ್ಲಿ ಕೆಲವರು ಹೊಸ ಫೋನು ಕೊಂಡಿದ್ದರು. ಅದರಿಂದ ಅವರಿಗೇನೂ ಉಪಯೋಗವಾಗಿರಲಿಲ್ಲ. ರೂಢಿ ಬಿಡಬೇಕಲ್ಲ, ಹೇಳುವುದು, ಇಡುವುದು. ಬಟ್ಟೆ ಅಂಗಡಿ ಶಾಂತಮಲ್ಲಪ್ಪ ಬೀಗರ ಹೊಸ ಫೋನಿಗೆ ತಮ್ಮ ಹೊಸ ಫೋನಿನಿಂದ ‘ಬಸ್ ಸ್ಟ್ಯಾಂಡಲ್ಲಿ ಇಳಿದಿದೀವಿ, ಸಾಮಾನು ಜಾಸ್ತಿ ಇದೆ, ಯಾರನ್ನಾದ್ರೂ ಕಳಿಸಿ’ ಎಂದು ಹೇಳಿ ಇಟ್ಟರಂತೆ. ಬೀಗರು ಕೇಳಿಸಿಕೊಂಡು, ‘ಅಯ್ಯೋ ಪಾಪ, ನಿನ್ನೆ ಬಂದಿದ್ರಂತೆ’ ಎಂದು ಮರುಗಿ ತಮ್ಮ ಪಾಡಿಗೆ ಊಟಕ್ಕೆ ಕೂತರಂತೆ. ಶಾಂತಮಲ್ಲಪ್ಪನವರು ಸಂಸಾರ ಸಮೇತ ಹೊತ್ತು ಮುಳುಗುವವರೆಗೂ ಬಸ್ ಸ್ಟ್ಯಾಂಡಿನಲ್ಲಿ ಪೆಟ್ಟಿಗೆಗಳ ಮೇಲೆ ಕೂತಿದ್ದರು.

ತಂತಿಯ ಕೊನೇ ದಿನ ಬಂತು. ಅವತ್ತು ಆಡಿದ ಮಾತು ನಾಳೆ ತಲುಪಬೇಕು, ನಾಳೆ ತಂತಿಯೇ ಇರುವುದಿಲ್ಲ. ಅಂದರೆ ಅವತ್ತು ಆಡಿದ್ದು ಯಾರಿಗೂ ಮುಟ್ಟುವುದಿಲ್ಲ. ಇದು ಊರಿಗೆ ಹೊಳೆದದ್ದೇ ತಡ, ಮನೆಮನೆಯಲ್ಲೂ ಬಾಗಿಲು ಹಾಕಿಕೊಂಡು ಫೋನಿನ ಮುಂದೆ ಕೂತರು. ಸೊಸೆಯಂದಿರು ಅತ್ತೆಯರಿಗೆ, ಗುಮಾಸ್ತರು ಸಾಹೇಬರಿಗೆ, ಮೂಗು ಸುರಿಸುತ್ತಾ ಕೆಲವರು ಹಳೇ ಪ್ರೀತಿಗೆ, ಜನ್ಮದಲ್ಲಿ ಹೇಳಲಾಗದ್ದನ್ನೆಲ್ಲ ಹೇಳಿದರು. ನನ್ನ ಗಂಡ ಯಾರಿಗೋ ಏನೋ ಪಿಸುಗುಟ್ಟಿ ಬಂದರು. ಕೇಳಿದರೆ ಬೋಂಡಾ ಅಂಗಡಿಯವನಿಗೆ ಎಂದರು. ಅತ್ತೆಯೂ ಸ್ನಾನ ಮುಗಿಸಿ ಬಂದು, ನನ್ನನ್ನು ಕರಿಬೇವು ತಾ ಎಂದು ಹಿತ್ತಲಿಗೆ ಅಟ್ಟಿ, ಬಹಳ ಹೊತ್ತು ಮಾತಾಡಿದಳು. ಸಂಜೆ ವಾಪಸು ಕಿಟಕಿಯ ಮುಂದೆ ಒಂದು ನರಪಿಳ್ಳೆಯೂ ಇರಲಿಲ್ಲ. ಅದಕ್ಕೆ ಶಾಶ್ವತವಾಗಿ ಹಲಗೆ ಹೊಡೆದರು.

ಮಾರನೇ ಬೆಳಗ್ಗೆ ನಮ್ಮ ಫೋನು ಎಂದಿನ ಹೊತ್ತಿಗೆ ಗಂಟೆ ಹೊಡೆಯಿತು. ತಂತಿ ಕೀಳುವವರು ಬಂದೇ ಇರಲಿಲ್ಲ. ಅವರ ಏಣಿಯನ್ನು ಯಾರದೋ ಮದುವೆ ಚಪ್ಪರಕ್ಕೆ ಎರವಲು ಕೊಟ್ಟಿದ್ದರಂತೆ, ಅದು ವಾಪಸು ಬಂದಿರಲಿಲ್ಲ. ಅತ್ತೆ ಗಾಬರಿಯಿಂದ ಎತ್ತಿದಳು. ಹಳೆಯ ಫೋನಿನ ಸದ್ದು ಎಷ್ಟು ಜೋರೆಂದರೆ ಅಡಿಗೆಮನೆಯಲ್ಲಿದ್ದ ನನಗೂ ಚೆನ್ನಾಜಮ್ಮನ ದನಿ ಕೇಳಿಸಿತು. ‘ಇದು ನಿಂಗೆ ಮುಟ್ಟಲ್ಲ ಅಂತಾರೆ. ಮುಟ್ಟದಿದ್ರೆ ಕತ್ತೆ ಬಾಲ. ನಾನಂತೂ ಬಿಡೋವಳಲ್ಲ. ಗುಂಡು ಯಾವಾಗ ಕಳಿಸ್ತೀಯ?’

ಅತ್ತೆ ರಿಸೀವರ್ ಇಟ್ಟಳು. ‘ಯಾರೂ ಕೇಳಲ್ಲ ಅಂತ ಗೊತ್ತಿದ್ರೂ ಅವಳು ಬಿಟ್ಕೊಡ್ಲಿಲ್ಲ ಕಣೆ. ನಾನು ಬಿಟ್ಕೊಟ್ಬಿಟ್ಟೆ. ನಂದು ಇನ್ನೇನು ಅವಳಿಗೆ ಮುಟ್ತದೆ. ಆಟೋ ಕರಿಯೇ, ಎದ್ದೇಳೇ!’ ಎಂದು ಕೂಗಿ, ಕಾಫಿ ಕುಡಿಯದೆ, ಸ್ನಾನವಿಲ್ಲದೆ, ಒಂದೇ ಚಪ್ಪಲಿ ಮೆಟ್ಟಿ ಬಾಗಿಲಿಗೆ ಬಂದಳು.

ಬೀದಿಯಲ್ಲಿ ನೋಡಿದರೆ ಊರಿಗೆ ಊರೇ ಓಡುತ್ತಿದೆ. ತಮ್ಮ ತಮ್ಮ ಮಾತು ಮುಟ್ಟುವ ಮೊದಲು ಫೋನು ಎತ್ತದಂತೆ ತಡೆಯಲು ಗುಮಾಸ್ತರು ಸಾಹೇಬರ ಮನೆಗೆ, ಸೊಸೆಯಂದಿರು ಪಡಸಾಲೆಯಿಂದ ನಡುಮನೆಗೆ. ಖಾಲಿ ಆಟೋ ಒಂದೂ ಇಲ್ಲ. ಕೊನೆಗೆ ಬೋರೇಗೌಡ ಎಂಬ ಆಟೋದವನು, ತಾನೂ ಕೆಳಪೇಟೆಯ ಮಾವನ ಮನೆಗೇ ಹೊರಟಿದ್ದೇನೆಂದು ನಮ್ಮನ್ನು ಹತ್ತಿಸಿಕೊಂಡ. ‘ಏನಂದೆ ಅತ್ತೆ ನಿನ್ನೆ?’ ಎಂದು ಕೇಳಿದೆ. ಆಟೋ ಸದ್ದಿನಲ್ಲಿ ಅವಳು ಕಿರುಚಿಯೇ ಹೇಳಬೇಕಾಯಿತು. ‘ಗುಂಡು ಇಲ್ಲ ಅಂದೆ ಕಣೆ! ಬಚ್ಚಲು ಕಟ್ಟಿಸ್ಬೇಕಾದ್ರೆ ಪಾಯಕ್ಕೆ ಕಲ್ಲು ಸಾಲ್ದು ಅಂತ ಮೇಸ್ತ್ರಿ ಅದನ್ನೂ ಹಾಕಿ ಮುಚ್ಬಿಟ್ಟ. ನಿಮ್ಮಾವ ಇದ್ದಾಗ್ಲೇ. ಅವತ್ತಿಂದ ದಿನಾ ಅದರ ಮೇಲೇ ನೀರು ಹುಯ್ಕೊತಾ ಇವ್ನಿ. ಗುಂಡೇ ಇಲ್ಲ ಅಂತ ಗೊತ್ತಾದ್ರೆ ಅವಳು ಯಾಕೆ ಫೋನ್ ಮಾಡ್ತಾಳೆ ಹೇಳು? ಯಾವ ನೆಪಕ್ಕೆ ಬೈತಾಳೆ?’ ಆಮೇಲೆ ನಾಚಿಕೊಳ್ಳುತ್ತಾ, ‘ಇನ್ನೊಂದೂ ಅಂದೆ. ನಿನ್ನ ದನಿ ಕೇಳ್ದಿದ್ರೆ ನಂಗೆ ಕಾಫಿ ಇಳಿಯಲ್ಲ ಅಂದೆ’ ಎಂದಳು. ಬೋರೇಗೌಡ ಹಿಂದಕ್ಕೆ ತಿರುಗಿ, ‘ಅಷ್ಟೇ ತಾನೆ ಅಜ್ಜೀ, ಬುಡಿ. ನಾನು ನಮ್ಮಾವನ್ನ ಹಂದಿ ಅಂದ್ಬುಟ್ಟಿವ್ನಿ’ ಎಂದು ಗಾಡಿ ಇನ್ನಷ್ಟು ಓಡಿಸಿದ.

ಚೆನ್ನಾಜಮ್ಮನ ಮನೆಯ ಬಾಗಿಲು ತೆರೆದೇ ಇತ್ತು. ಅವರು ಫೋನಿನ ಮುಂದೆ ಬೆತ್ತದ ಕುರ್ಚಿಯಲ್ಲಿ ಕೂತು ಕಾಯುತ್ತಿದ್ದರು. ಅವರಿಗೂ ಅದು ನಿತ್ಯದ ಹೊತ್ತು. ಅತ್ತೆ ಒಳಗೆ ಕಾಲಿಟ್ಟಳು, ಫೋನು ಗಂಟೆ ಹೊಡೆಯಿತು. ಎತ್ತಬೇಡ ಎಂದು ಒಂದು ಮಾತು ಹೇಳಿದರೆ ಆಗಿತ್ತು. ಆದರೆ ಎದುರಾಬದುರು ಮಾತಿಲ್ಲವಲ್ಲ! ಅತ್ತೆ ಗೋಡೆಯ ಕ್ಯಾಲೆಂಡರಿನ ಕಡೆಗೆ ತಿರುಗಿ, ‘ಹೇಳೇ ವಿಶಾಲೂ ಅವಳಿಗೆ, ಫೋನ್ ಎತ್ಬೇಡ ಅಂತ’ ಎಂದಳು. ‘ಅಮ್ಮಾ, ಎತ್ತಬೇಡಿ ಅಂತಾಳೆ’ ಎಂದೆ. ಚೆನ್ನಾಜಮ್ಮ ಕಿಟಕಿಯ ಕಡೆಗೆ ತಿರುಗಿ, ‘ಕೇಳವ್ವಾ ಅವಳ್ನ, ನಮ್ಮನೆ ಫೋನು ಎತ್ಬೇಡ ಅನ್ನೋಕೆ ಇವಳ್ಯಾರು ಅಂತ’ ಎಂದರು. ‘ಅದರಲ್ಲಿರೋದು ನನ್ನ ಮಾತು ಅಂತ ಹೇಳೇ.’ ‘ನನಗೆ ಆಡಿದ ಮೇಲೆ ಅದು ನನ್ನ ಮಾತು ಅಂತ ಹೇಳವ್ವಾ.’ ಗಂಟೆ ಬಿಡದೆ ಹೊಡೆದುಕೊಳ್ಳುತ್ತಿತ್ತು. ನಾನು ಇಬ್ಬರ ನಡುವೆ ತಂತಿಯಾಗಿ ನಿಂತಿದ್ದೆ. ಚೆನ್ನಾಜಮ್ಮ ಎತ್ತೇಬಿಟ್ಟರು.

ಕೇಳಿಸಿಕೊಳ್ಳುವಾಗ ಅವರ ಕಣ್ಣು ಅತ್ತೆಯ ಕಾಲುಗಳ ಮೇಲಿತ್ತು, ಚಪ್ಪಲಿಯಿಲ್ಲದೆ ಬಂದ ಕಾಲಿನ ಮೇಲೆ. ಅತ್ತೆ ಕ್ಯಾಲೆಂಡರು ಬಿಟ್ಟು ಹಿತ್ತಲ ಬಾಗಿಲಿನಾಚೆ ನೋಡುತ್ತಿದ್ದಳು. ಅಲ್ಲಿ ಆ ಒರಳಿತ್ತು. ತೊಳೆದು ಮಟ್ಟಸವಾಗಿಟ್ಟಿದ್ದರು, ಗುಣಿಯೊಳಗೆ ಎಲೆ ಬೀಳದಂತೆ ಹಲಗೆ ಮುಚ್ಚಿದ್ದರು. ಗುಂಡು ಬಂದರೆ ಈಗಲೇ ಉದ್ದು ಹಾಕಿ ರುಬ್ಬಬಹುದು ಅನ್ನುವಂತಿತ್ತು.

ಚೆನ್ನಾಜಮ್ಮ ರಿಸೀವರನ್ನು ಮೆಲ್ಲಗೆ ಇಟ್ಟರು. ಕಿಟಕಿಯ ಕಡೆಗೇ ತಿರುಗಿ, ‘ವಿಶಾಲಾಕ್ಷಿ, ನಾಳೆ ಉತ್ತರ ಹೇಳ್ತೀನಿ ಅಂತ ಹೇಳು. ಈ ತಂತೀಲಿ ಹೇಳಿದ್ರೆ ಮುಟ್ಟಲ್ಲ. ನಮ್ಮನೇಲಿ ಸೊಸೆ ಹೊಸದು ತಂದಿಟ್ಟವ್ಳೆ. ಅವಳಿಗೂ ಒಂದು ತಗಳಕ್ಕೆ ಹೇಳು’ ಎಂದರು. ಅತ್ತೆ ಹೊರಗೆ ಬಂದಳು. ಆಟೋದಲ್ಲಿ, ‘ಆ ಖಾಲಿ ಡಬ್ಬ ಇನ್ನೂ ಇದೆಯೇನೇ?’ ಎಂದಳು. ನಾವು ಮನೆ ಮುಟ್ಟುವ ಹೊತ್ತಿಗೆ ಏಣಿ ಬಂದು, ನಮ್ಮ ಬೀದಿಯ ತಂತಿ ಸುರುಳಿ ಸುತ್ತಿಕೊಂಡು ನೆಲದ ಮೇಲೆ ಬಿದ್ದಿತ್ತು.

ಮಾರನೇ ಬೆಳಗ್ಗೆ ಹೊಸ ಫೋನು ಹಳೇ ನಂಬರನ್ನೇ ಹಾಕಿಸಿಕೊಂಡು ಸ್ಟೂಲಿನ ಮೇಲೆ ಕೂತಿತ್ತು, ಅತ್ತೆ ಅದರ ಪಕ್ಕ ಕೂತಿದ್ದಳು. ಗಂಟೆ ಹೊಡೆದಾಗ ಎತ್ತಲಿಲ್ಲ. ‘ನೀನೇ ಎತ್ತೇ’ ಎಂದಳು. ‘ನಿಂಗೆ ಬಂದಿರೋದು, ನೀನೇ ಎತ್ತು’ ಎಂದು ಸ್ಪೀಕರಿನ ಗುಂಡಿ ಒತ್ತಿ ರಿಸೀವರನ್ನು ಅವಳ ಕೈಗಿಟ್ಟೆ. ಆ ಕಡೆಯಿಂದ ಚೆನ್ನಾಜಮ್ಮನ ದನಿ ಬಂತು. ‘ನಿನ್ನೆ ನೀನೇನೋ ಅಂದೆ. ಹಾಳಾದ ಲೈನು, ಬರೀ ಗೊರಗೊರ, ಒಂದಕ್ಷರ ಕೇಳಿಸ್ಲಿಲ್ಲ ಕಣಕ್ಕಾ. ಅದಿರ್ಲಿ, ಗುಂಡು ಯಾವಾಗ ಕಳಿಸ್ತೀಯ?’

ಪಾಲಾದ ದಿನದಿಂದ ಅವರು ಅತ್ತೆಯನ್ನು ಅಕ್ಕ ಎಂದಿರಲಿಲ್ಲ. ಅತ್ತೆಯ ಕಣ್ಣಲ್ಲಿ ನೀರು ದಳದಳನೆ ಇಳಿಯಿತು, ಒರೆಸಿಕೊಳ್ಳಲಿಲ್ಲ. ಆ ಕಡೆ ಫೋನು ಇಟ್ಟ ಸದ್ದು ಬರಲಿಲ್ಲ. ಉಸಿರು ಕೇಳಿಸುತ್ತಿತ್ತು, ಹಿಂದೆ ಎಲ್ಲೋ ಕುಕ್ಕರು ಕೂಗುತ್ತಿತ್ತು. ಹಾಗೆ ಯಾರಾದರೂ ಅಲ್ಲೇ ಇದ್ದು ಕಾಯುವುದು ಅತ್ತೆಗೆ ಗೊತ್ತೇ ಇರಲಿಲ್ಲ. ಕೊನೆಗೆ, ‘ಇಡ್ಬೇಡ ಇರು ಚೆನ್ನಾಜಿ, ಸ್ನಾನ ಮಾಡ್ಕೊಂಡು ಬಂದು ಹೇಳ್ತೀನಿ’ ಎಂದು ರಿಸೀವರನ್ನು ಸ್ಟೂಲಿನ ಮೇಲೆ ಮಲಗಿಸಿ ಎದ್ದು ಹೋದಳು.

ಚೆನ್ನಾಜಮ್ಮ ಇಡಲಿಲ್ಲ. ಒಂದು ಸಲ ಕೆಮ್ಮಿದರು, ಸೊಸೆಗೆ ಕಾಫಿ ತರಲು ಹೇಳಿದರು. ಬಚ್ಚಲಿನಲ್ಲಿ ಅತ್ತೆ ಚೊಂಬಿನ ಮೇಲೆ ಚೊಂಬು ನೀರು ಹುಯ್ದುಕೊಳ್ಳತೊಡಗಿದಳು. ಗುಂಡಿನ ಮೇಲೆ ನೀರು ಬೀಳುವ ಸದ್ದು ಅವರಿಗೂ ಕೇಳಿಸಲಿ ಎಂದು ನಾನು ರಿಸೀವರನ್ನು ಬಚ್ಚಲ ಕಡೆಗೆ ತಿರುಗಿಸಿಟ್ಟೆ.